ನಲ್ಲಿ ನಿಲ್ಲಿಸಿ, ಕಬ್ಬು ಹಚ್ಚಿ

ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕಂತೆ. ಭೂಮಿ ಉಳಿಯುತ್ತದಂತೆ.

ಆಗಲಿ, ನಿಲ್ಲಿಸೋಣ. ಆದರೆ ಮೊದಲು ನಲ್ಲಿಯಲ್ಲಿ ನೀರು ಬರಬೇಕಲ್ಲ? ಸೊಲ್ಲಾಪುರದಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಉಳಿದ ದಿನ ನಲ್ಲಿ ತಾನಾಗಿಯೇ ನಿಂತಿರುತ್ತದೆ. ಆ ಲೆಕ್ಕದಲ್ಲಿ ಸೊಲ್ಲಾಪುರದವರಷ್ಟು ಪರಿಸರಪ್ರೇಮಿಗಳು ಈ ದೇಶದಲ್ಲಿಲ್ಲ. ಪ್ರಶಸ್ತಿ ಕೊಡುವವರು ಯಾಕೋ ಆ ಕಡೆ ತಲೆಹಾಕಿಲ್ಲ. ಹಾಕಿದರೂ ಬಾಟಲಿ ನೀರು ಹಿಡಿದುಕೊಂಡೇ ಬರುತ್ತಾರೆ.

2022ರ ಅಕ್ಟೋಬರ್ 20ರಂದು ಗುಜರಾತಿನ ಕೇವಡಿಯಾದಲ್ಲಿ ಪ್ರಧಾನಿಗಳು ‘ಮಿಷನ್ ಲೈಫ್’ ಉದ್ಘಾಟಿಸಿದರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರಸ್ ಪಕ್ಕದಲ್ಲಿದ್ದರು. ಪರಿಸರಕ್ಕೆ ಒಗ್ಗುವ ಜೀವನಶೈಲಿ ಎಂದು ಅದರ ಹೆಸರು. ವ್ಯಕ್ತಿಗಳು ಮಾಡಬಹುದಾದ 75 ಕೆಲಸಗಳ ಪಟ್ಟಿಯೂ ಬಂತು. ಎಲ್‌ಇಡಿ ಬಲ್ಬು ಹಾಕಿ. ಬಟ್ಟೆಚೀಲ ಹಿಡಿಯಿರಿ. ಕೆಂಪು ದೀಪ ಕಂಡರೆ ಎಂಜಿನ್ ಆರಿಸಿ. ಸಿರಿಧಾನ್ಯ ತಿನ್ನಿ. ಹರಿಯುವ ನಲ್ಲಿ ನಿಲ್ಲಿಸಿ.

ಒಳ್ಳೆಯ ಪಟ್ಟಿ. ಯಾರಿಗೂ ನೋವಾಗದ ಪಟ್ಟಿ. ಅದೇ ಅದರ ದೋಷ.

ಈ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಇಂದಾಪುರಕ್ಕೆ ಹೋಗೋಣ ಬನ್ನಿ. ಪುಣೆ ಜಿಲ್ಲೆಯ ಪೂರ್ವದ ಅಂಚಿನ ತಾಲೂಕು. ಸೊಲ್ಲಾಪುರದ ಹೆದ್ದಾರಿ ನಡುವೆ ಹಾದುಹೋಗುತ್ತದೆ. ಒಂದು ಬದಿಗೆ ಭೀಮಾ, ಇನ್ನೊಂದು ಬದಿಗೆ ನೀರಾ. ಎರಡೂ ಕೂಡುವುದು ಇದೇ ತಾಲೂಕಿನ ತುದಿಯ ನರಸಿಂಗಪುರದಲ್ಲಿ. ಭೀಮೆಗೆ ಉಜನಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಹಿನ್ನೀರು ತಾಲೂಕಿನ ಮಗ್ಗುಲಿಗೇ ಸಮುದ್ರದಂತೆ ಬಿದ್ದಿದೆ. ಆದರೂ ಬೇಸಿಗೆ ಬಂದರೆ ಟ್ಯಾಂಕರಿನ ದಾರಿ ಕಾಯುವ ಊರುಗಳು ಇಲ್ಲಿವೆ. ಎರಡು ನದಿ, ಒಂದು ಸಮುದ್ರ, ಮೇಲೆ ಟ್ಯಾಂಕರು. ಹೀಗೊಂದು ಸಾಧನೆ ಮಾಡಲು ನಿಸರ್ಗದಿಂದ ಆಗದು. ಸರ್ಕಾರವೇ ಬೇಕು.

ಇದೇ ತಾಲೂಕಿನ ನಿಂಬೋಡಿ ಎಂಬ ಹಳ್ಳಿ ಒಮ್ಮೆ ದೇಶಕ್ಕೆಲ್ಲ ಗೊತ್ತಾಗಿತ್ತು. 2013ರ ಏಪ್ರಿಲ್. ಮಹಾರಾಷ್ಟ್ರದಲ್ಲಿ ಭೀಕರ ಬರ. ಸೊಲ್ಲಾಪುರ ಜಿಲ್ಲೆಯ ರೈತರೊಬ್ಬರು ಉಜನಿಯಿಂದ ನೀರು ಬಿಡಿ ಎಂದು ಮುಂಬೈಯ ಆಜಾದ್ ಮೈದಾನದಲ್ಲಿ ಉಪವಾಸ ಕೂತು ಐವತ್ತು ದಿನ ದಾಟಿತ್ತು. ನಿಂಬೋಡಿಯ ಸಭೆಯಲ್ಲಿ ಅಂದಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಅದಕ್ಕೆ ಉತ್ತರ ಕೊಟ್ಟರು. ಅಣೆಕಟ್ಟಿನಲ್ಲಿ ನೀರೇ ಇಲ್ಲದಿದ್ದರೆ ಎಲ್ಲಿಂದ ಬಿಡುವುದು, ಉಚ್ಚೆ ಹೊಯ್ಯಬೇಕೇ ಎಂದರು. ಕುಡಿಯಲು ನೀರಿಲ್ಲದಾಗ ಅದೂ ಸಲೀಸಾಗಿ ಬರುವುದಿಲ್ಲ ಎಂದೂ ಸೇರಿಸಿದರು. ಸಭೆ ನಕ್ಕಿತು.

ಆಮೇಲೆ ಕ್ಷಮೆ ಕೇಳಿದರು. ಕರಾಡದಲ್ಲಿ ಯಶವಂತರಾವ್ ಚವ್ಹಾಣರ ಸಮಾಧಿಯ ಬಳಿ ಒಂದು ದಿನದ ಉಪವಾಸ ಕೂತು ಪ್ರಾಯಶ್ಚಿತ್ತ ಮಾಡಿಕೊಂಡರು. ರೈತ ಐವತ್ತು ದಿನ, ಮಂತ್ರಿ ಒಂದು ದಿನ. ಉಪವಾಸದಲ್ಲೂ ಮಿತವ್ಯಯ.

ಆ ಮಾತಿನ ಅಸಭ್ಯತೆಯ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದವು. ನನಗೆ ಅದು ಮುಖ್ಯ ಅನ್ನಿಸುವುದಿಲ್ಲ. ರಾಜಕಾರಣಿಯ ಬಾಯಿ ತೊಳೆದರೆ ನದಿ ತುಂಬುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಇಷ್ಟು ದೊಡ್ಡ ಅಣೆಕಟ್ಟಿನ ನೀರು ಹೋಯಿತು ಎಲ್ಲಿಗೆ?

ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಇಷ್ಟನ್ನೂ ಜನ ಹಲ್ಲುಜ್ಜಿ ಖಾಲಿ ಮಾಡಿದರೇ? ಅಷ್ಟು ಹಲ್ಲು ಎಲ್ಲಿವೆ?

ಉತ್ತರ ರಸ್ತೆಯ ಎರಡೂ ಬದಿಗೆ ನಿಂತಿದೆ. ಆಳೆತ್ತರ ಬೆಳೆದು, ಗಾಳಿಗೆ ತೂಗುತ್ತ. ಇಂದಾಪುರ ತಾಲೂಕಿನಲ್ಲಿ ಭವಾನಿನಗರದ ಛತ್ರಪತಿ, ಬಿಜವಡಿಯ ಕರ್ಮಯೋಗಿ, ಶಹಾಜಿನಗರದ ನೀರಾ-ಭೀಮಾ ಹೀಗೆ ಮೂರು ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ಮೇಲೆ ಖಾಸಗಿಯದೂ ಇದೆ. ಅಕ್ಕಪಕ್ಕದ ತಾಲೂಕುಗಳನ್ನು ಎಣಿಸತೊಡಗಿದರೆ ಕೈಬೆರಳು ಸಾಲವು.

ನೀತಿ ಆಯೋಗವೇ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಲೆಕ್ಕವಿದೆ. ಒಂದು ಕೆಜಿ ಸಕ್ಕರೆಗೆ 1,600ರಿಂದ 2,000 ಲೀಟರ್ ನೀರು. ಚಮಚ ಸಕ್ಕರೆ ಐದು ಗ್ರಾಂ ಎನ್ನಿ. ಎಂಟು-ಹತ್ತು ಲೀಟರ್ ಆಯಿತು. ನೀವು ಬೆಳಗ್ಗೆ ನಲ್ಲಿ ನಿಲ್ಲಿಸಿ ಹತ್ತು ಲೀಟರ್ ಉಳಿಸಿದಿರಿ ಎಂದೇ ಇಟ್ಟುಕೊಳ್ಳೋಣ. ಆ ಪುಣ್ಯ ಮೊದಲನೆಯ ಚಹಾದ ಮೊದಲನೆಯ ಚಮಚದಲ್ಲಿ ಕರಗಿಹೋಯಿತು. ಎರಡನೆಯ ಚಮಚದಿಂದ ನೀವು ಪಾಪಿ. ಗಡಿನಾಡಿನ ಚಹಾದಲ್ಲಿ ಎರಡು ಚಮಚಕ್ಕೆ ಯಾರೂ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಇನ್ನು ಹಸಿರು ಇಂಧನ. ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುತ್ತಿದ್ದೇವೆ. ಪರಿಸರಸ್ನೇಹಿ ಎಂದು ಬಂಕಿನ ಮೇಲೆ ಎಲೆಯ ಚಿತ್ರ. ಅದೇ ನೀತಿ ಆಯೋಗದ ಅದೇ ವರದಿಯ ಪ್ರಕಾರ ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಬೇಕಾಗುವ ನೀರು ಸುಮಾರು 2,860 ಲೀಟರ್. ನಿಮ್ಮ ಕಾರಿನ ಟ್ಯಾಂಕು ನಲವತ್ತು ಲೀಟರಿನದು. ಎಂಟು ಲೀಟರ್ ಎಥೆನಾಲ್. ಅದು ಕಬ್ಬಿನಿಂದ ಬಂದದ್ದಾದರೆ ಹತ್ತಿರಹತ್ತಿರ 23,000 ಲೀಟರ್ ನೀರು. ಬರದ ಊರಿಗೆ ಹೋಗುವ ಟ್ಯಾಂಕರ್ ಎರಡು ಸಲ ತುಂಬಬಹುದು. ನೀವು ಎಲೆಯ ಚಿತ್ರ ನೋಡಿ ಸಮಾಧಾನಪಟ್ಟುಕೊಂಡು, ಕೆಂಪು ದೀಪದಲ್ಲಿ ಎಂಜಿನ್ ಆರಿಸಿ ಭೂಮಿಯನ್ನು ಉಳಿಸಿದಿರಿ.

ರೈತನನ್ನು ಬೈಯಬೇಡಿ. ಬೈಯುವುದು ಸುಲಭ, ಅದಕ್ಕೇ ಎಲ್ಲರೂ ಬೈಯುತ್ತಾರೆ. ಕಬ್ಬಿಗೆ ಎಫ್‌ಆರ್‌ಪಿ ಎಂದು ಕೇಂದ್ರ ಸರ್ಕಾರವೇ ದರ ಕಟ್ಟುತ್ತದೆ. ಬಿಲ್ಲು ತಡವಾದರೂ ಕಾರ್ಖಾನೆ ಕಬ್ಬು ಒಯ್ಯುತ್ತದೆ. ಜೋಳಕ್ಕೂ ಬೆಂಬಲ ಬೆಲೆ ಇದೆ, ಕಾಗದದಲ್ಲಿ. ಕೊಳ್ಳುವವನು ಬರಬೇಕಷ್ಟೆ. ಮಂಗಳವೇಢೆಯ ಮಾಲದಂಡಿ ಜೋಳ ಹಿಂಗಾರಿ ಹಸಿಯಲ್ಲೇ ಬೆಳೆಯುತ್ತದೆ. ಕಾಲುವೆ ಬೇಡ, ಕಾರ್ಖಾನೆ ಬೇಡ, ಅಧ್ಯಕ್ಷರು ಬೇಡ. ಅಧ್ಯಕ್ಷರು ಬೇಡದ ಬೆಳೆಯನ್ನು ಯಾವ ರಾಜಕಾರಣಿ ಬೆಳೆಸುತ್ತಾನೆ?

2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ದೆಹಲಿಯ ಔತಣಗಳಲ್ಲಿ ಸಿರಿಧಾನ್ಯದ ಕೇಕು ಕತ್ತರಿಸಿದರು. ಜೋಳದ ಬೆಳೆಗಾರ ಆ ವರ್ಷವೂ ಸಂತೆಯಲ್ಲಿ ಸಿಕ್ಕ ದರಕ್ಕೆ ಮಾರಿ ಮನೆಗೆ ಹೋದ. ಸಿರಿಧಾನ್ಯ ತಿನ್ನಿ ಎನ್ನುವುದು ಪಟ್ಟಿಯಲ್ಲಿದೆ. ಕೊಂಡುಕೊಳ್ಳುತ್ತೇವೆ ಎನ್ನುವುದು ಇಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನಬೇಡಿ. 2017ರಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಕಬ್ಬಿಗೆ ಹನಿ ನೀರಾವರಿ ಕಡ್ಡಾಯ ಎಂದಿತು. ಎರಡು ವರ್ಷದ ಗಡುವು. ಅಗ್ಗದ ಬಡ್ಡಿಗೆ ಸಾಲ. ಎಲ್ಲ ಸರಿಯಾಗಿತ್ತು. ಗಡುವು ಸತ್ತಿತು. ಕಬ್ಬು ಬದುಕಿತು.

ಈಗ ಉಜನಿಗೆ ಬರುವ ನೀರಿನ ಕಡೆ ತಿರುಗೋಣ. ಅದು ಬರುವುದು ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಮೈಮೇಲಿಂದ. ಮುಳಾ, ಮುಠಾ ಎಂಬ ಎರಡು ನದಿಗಳು ಆ ನಗರಗಳ ಸ್ನಾನ, ಶೌಚ, ಪಾತ್ರೆ, ಬಟ್ಟೆಗಳನ್ನೆಲ್ಲ ಹೊತ್ತುಕೊಂಡು ಭೀಮೆಗೆ ಸೇರುತ್ತವೆ. ಭೀಮೆ ಅದನ್ನು ತಂದು ಇಂದಾಪುರದ ಮುಂದೆ ಇಳಿಸುತ್ತಾಳೆ. ಹಿನ್ನೀರು ಹಸಿರುಗಟ್ಟಿ ನಿಲ್ಲುತ್ತದೆ. ಹಳೆಯ ಮೀನುಗಳು ಕಡಿಮೆಯಾಗಿ ಎಲ್ಲೆಲ್ಲೂ ಚಿಲಾಪಿ. ಹೊಲಸಿನಲ್ಲೂ ಮೈ ಬೆಳೆಸುವ ಜಾತಿ. ಆ ಗುಣಕ್ಕೆ ಅದನ್ನು ಚುನಾವಣೆಗೆ ನಿಲ್ಲಿಸಬಹುದು.

ಮುಳಾ-ಮುಠಾ ಶುದ್ಧೀಕರಣಕ್ಕೆ ಜಪಾನಿನಿಂದ ಸಾಲ ತಂದು, 2016ರಲ್ಲಿ ಸಹಿ ಹಾಕಿ, ಹನ್ನೊಂದು ಘಟಕಗಳ ಯೋಜನೆ ಮಾಡಿದರು. ಸುಮಾರು 990 ಕೋಟಿ ರೂಪಾಯಿ. ವರ್ಷಗಳು ಉರುಳಿದವು. ಅಷ್ಟರಲ್ಲಿ ದಂಡೆಯನ್ನು ಸುಂದರಗೊಳಿಸುವ ಯೋಜನೆ ಬಂತು. ಅದಕ್ಕೆ ಇದರ ಹಲವು ಪಟ್ಟು ದುಡ್ಡು. ಹೊಲಸು ಹರಿಯುತ್ತಿರಲಿ, ನೋಡಲು ಬೆಂಚು ಹಾಕೋಣ ಎಂದರು. ಮೈ ತೊಳೆಯದೆ ಪೌಡರ್ ಬಳಿದುಕೊಳ್ಳುವವರನ್ನು ನಾವು ಮದುವೆಮನೆಗಳಲ್ಲಿ ನೋಡಿದ್ದೇವೆ. ಇಲ್ಲಿ ಒಂದು ಮಹಾನಗರವೇ ಹಾಗೆ ಮಾಡಿತು.

ಇದೇ ಹಿನ್ನೀರಿನ ಭಿಗವಣದಲ್ಲಿ ಚಳಿಗಾಲಕ್ಕೆ ರಾಜಹಂಸಗಳು ಬರುತ್ತವೆ. ಕೆಸರು ಸೋಸಿ ತಿನ್ನುವ ಹಕ್ಕಿ. ಕೆಸರಿಗೆ ಇಲ್ಲಿ ಕೊರತೆಯಿಲ್ಲ. ಹಕ್ಕಿಯ ಹಿಂದೆಯೇ ಪುಣೆಯ ಕಾರುಗಳು ಬರುತ್ತವೆ. ನೂರು ಕಿಲೋಮೀಟರು ದೂರದಿಂದ, ಮೊಳದುದ್ದದ ಲೆನ್ಸು ಹೊತ್ತು. ತಮ್ಮದೇ ಮನೆಯ ಬಚ್ಚಲ ನೀರಿನಲ್ಲಿ ನಿಂತ ಹಕ್ಕಿಯನ್ನು ನೋಡಿ ‘ಎಷ್ಟು ಶುದ್ಧ ನಿಸರ್ಗ’ ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಆಮೇಲೆ ಹೆದ್ದಾರಿ ಧಾಬಾದಲ್ಲಿ ಚಿಲಾಪಿ ಫ್ರೈ.

ನಮ್ಮ ವಿಜಯಪುರದ ಕಡೆಯ ಹುಡುಗ, ದೂರದ ನಂಟಿನಲ್ಲಿ ನನಗೆ ಮಗನಾಗಬೇಕು, ಪುಣೆಯಲ್ಲಿ ಕಂಪ್ಯೂಟರ್ ಕೆಲಸ. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಏಳು ಸೀಟಿನ ಡೀಸೆಲ್ ಗಾಡಿ, ಒಳಗೆ ಇಬ್ಬರೇ. ನಾನು ಅಂಗಡಿಯಲ್ಲಿ ನೀರಿನ ಬಾಟಲಿಗೆ ಕೈಹಾಕಿದೆ. ಅವನ ಮುಖ ಕಪ್ಪಿಟ್ಟಿತು.

‘ಕಾಕಾ, ಇನ್ನೂ ಪ್ಲಾಸ್ಟಿಕ್ ತಗೋತೀರೇನ್ರಿ? ನಮ್ಮನ್ಯಾಗ ಬಿದಿರಿನ ಬ್ರಷ್, ಸ್ಟೀಲ್ ಬಾಟ್ಲಿ, ಎಲ್ಲಾ ಬದಲ್ ಮಾಡೀವ್ರಿ.’

‘ಭೇಷ್ ಮಾಡಿ ನೋಡಪಾ. ನಿಮ್ಮ ಸೊಸೈಟಿ ಹೊಲಸು ನೀರು ಎಲ್ಲಿಗೆ ಹೋಗ್ತದ?’

‘ಶುದ್ಧ ಮಾಡೋ ಘಟಕ ಐತ್ರಿ ಕಾಕಾ.’

‘ನಡೀತದೇನು?’

‘ಅದು ಕಮಿಟಿಯವರನ್ನ ಕೇಳಬೇಕ್ರಿ.’

ಕಮಿಟಿಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಖಜಾಂಚಿ ಅವನೇ.

ಬಿದಿರಿನ ಬ್ರಷ್ಷಿಗೆ ಆನ್‌ಲೈನ್‌ನಲ್ಲಿ ಐದು ನಕ್ಷತ್ರ ಸಿಗುತ್ತದೆ. ಫೋಟೋ ಹಾಕಬಹುದು. ಹೊಲಸು ನೀರಿನ ಘಟಕದ ಮೋಟಾರು ಆರು ತಿಂಗಳಿಂದ ಕೆಟ್ಟಿದೆ ಎಂದು ಸಭೆಯಲ್ಲಿ ಎದ್ದು ನಿಂತರೆ ನೆರೆಯವರ ಮುಖ ಹುಳ್ಳಗಾಗುತ್ತದೆ, ತಿಂಗಳ ಖರ್ಚು ಏರುತ್ತದೆ. ಎರಡೂ ವೈಯಕ್ತಿಕ ಆಯ್ಕೆಗಳೇ. ಜನ ಯಾವುದನ್ನು ಆಯ್ದುಕೊಳ್ಳುತ್ತಾರೆ ಎಂದು ಭೀಮೆಯ ಬಣ್ಣ ನೋಡಿ ಹೇಳಬಹುದು.

ಆ ಹೊಲಸು ನೀರಿಗೂ ಜಗಳವಾಯಿತು. ನಗಬೇಡಿ. 2021ರ ಏಪ್ರಿಲ್‌ನಲ್ಲಿ ಉಜನಿಯಿಂದ ಇಂದಾಪುರಕ್ಕೆ 5 ಟಿಎಂಸಿ ನೀರು ಎತ್ತಲು ಒಪ್ಪಿಗೆ ಸಿಕ್ಕಿತು. ಸೊಲ್ಲಾಪುರದವರು ಕೆರಳಿದರು. ಅವರಿಗೆ ಕೊಟ್ಟ ಸಮಜಾಯಿಷಿ ಏನು ಗೊತ್ತೇ? ಇದು ನಿಮ್ಮ ಪಾಲಿನ ನೀರಲ್ಲ, ಪುಣೆಯಿಂದ ಹರಿದುಬರುವ ಚರಂಡಿ ನೀರು ಎಂದು. ಸೊಲ್ಲಾಪುರದ ಉಸ್ತುವಾರಿ ಮಂತ್ರಿಗಳು ಆಗ ಇಂದಾಪುರದ ಶಾಸಕರೇ. ಕಾಯಬೇಕಾದ ಜಿಲ್ಲೆ ಒಂದು, ಮತ ಕೇಳಬೇಕಾದ ತಾಲೂಕು ಇನ್ನೊಂದು. ಗದ್ದಲ ಜೋರಾಗಿ ಮೇ ತಿಂಗಳಲ್ಲಿ ಆದೇಶ ರದ್ದಾಯಿತು. ಮರುವರ್ಷ ಲಾಕಡಿ-ನಿಂಬೋಡಿ ಏತ ನೀರಾವರಿಗೆ ಮಂಜೂರಾತಿ ಬಂತು. ಹೌದು, ಅದೇ ನಿಂಬೋಡಿ.

ಊರಿನ ಹೊಲಸನ್ನು ಶುದ್ಧ ಮಾಡುವ ಜವಾಬ್ದಾರಿ ಬಂದಾಗ ಅದು ಯಾರದೂ ಅಲ್ಲ. ಪಂಪಿನಿಂದ ಎತ್ತುವ ಹಕ್ಕು ಬಂದಾಗ ಎಲ್ಲರದು.

ಪ್ಲಾಸ್ಟಿಕ್ಕಿನ ಕಥೆ ಬೇಗ ಮುಗಿಸುತ್ತೇನೆ, ಸರ್ಕಾರವೂ ಬೇಗ ಮುಗಿಸಿತ್ತು. 2018ರ ಮಾರ್ಚ್ 23ಕ್ಕೆ ಮಹಾರಾಷ್ಟ್ರ ನಿಷೇಧ ಹೊರಡಿಸಿತು. ಜೂನ್ 23ರಿಂದ ದಂಡ. ಮೊದಲ ಸಲ 5,000, ಎರಡನೆಯ ಸಲ 10,000, ಮೂರನೆಯದಕ್ಕೆ 25,000 ಮತ್ತು ಮೂರು ತಿಂಗಳ ಜೈಲು. ವಾರದೊಳಗೆ ಕಿರಾಣಿ ಅಂಗಡಿಗೆ ಸಡಿಲಿಕೆ. ನಾವು ಕರ್ನಾಟಕದವರು ಎರಡು ವರ್ಷ ಮೊದಲೇ, 2016ರಲ್ಲೇ ನಿಷೇಧಿಸಿದ್ದೆವು. ನಿಷೇಧಿಸುವುದರಲ್ಲಿ ನಾವು ಸದಾ ಮುಂದೆ. ಸಂತೆಗೆ ಹೋಗಿ ಕೊತ್ತಂಬರಿ ಕೇಳಿ, ಯಾವುದರಲ್ಲಿ ಹಾಕಿಕೊಡುತ್ತಾರೆ ನೋಡಿ. ದಂಡ ಬೀಳುವುದು ಆ ಕೊತ್ತಂಬರಿ ಮಾರುವ ಅಜ್ಜಿಗೆ. ಚೀಲ ತಯಾರಿಸುವ ಕಾರ್ಖಾನೆಯ ದಾರಿ ಅಧಿಕಾರಿಗಳಿಗೆ ಇನ್ನೂ ಸಿಕ್ಕಿಲ್ಲ.

2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ನಿಷೇಧ. ನೂರು ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಬ್ಯಾನರ್ ಕೂಡ ಅದರಲ್ಲಿದೆ. ಜೂನ್ 5ರ ಪರಿಸರ ದಿನಕ್ಕೆ ಯಾವುದಾದರೂ ತಾಲೂಕು ಕೇಂದ್ರಕ್ಕೆ ಹೋಗಿ ನಿಲ್ಲಿ. ‘ಪರಿಸರ ಉಳಿಸಿ’ ಎಂದು ನಾಯಕರು ಕೈಮುಗಿದು ನಿಂತಿರುತ್ತಾರೆ. ಇಪ್ಪತ್ತು ಅಡಿ ಎತ್ತರ. ಪ್ಲಾಸ್ಟಿಕ್ಕಿನಲ್ಲಿ. ಅವರ ಮುಖದ ಕೆಳಗೆ ಹದಿನೆಂಟು ಅಭಿಮಾನಿಗಳ ಮುಖ. ಮೈಕ್ರಾನ್ ಅಳೆಯುವ ಅಧಿಕಾರಿ ಅದೇ ಬ್ಯಾನರಿನ ನೆರಳಲ್ಲಿ ಕೂತು ಅಜ್ಜಿಗೆ ರಸೀದಿ ಬರೆಯುತ್ತಿರುತ್ತಾನೆ.

ಗಿಡ ನೆಡುವುದಂತೂ ನಮಗೆ ಚಟ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದೇ ಮಳೆಗಾಲದಲ್ಲಿ 33 ಕೋಟಿ ಸಸಿ ನೆಡಲು ಹೊರಟಿತು. ಆಮೇಲೆ ಅವು ಬದುಕಿವೆಯೇ ಎಂದು ನೋಡಲು ಶಾಸಕರ ಸಮಿತಿ ಮಾಡಬೇಕಾಯಿತು. ಸಸಿಗೆ ನೀರು ಹಾಕುವ ಸಮಿತಿ ಮಾತ್ರ ಯಾರೂ ಮಾಡಲಿಲ್ಲ.

ದೇಹೂವಿನಿಂದ ಹೊರಟ ತುಕಾರಾಮರ ಪಾಲಕಿ ಪಂಢರಪುರಕ್ಕೆ ಹೋಗುವುದು ಇಂದಾಪುರದ ಮೇಲೆಯೇ. ಸಂತರು ಕನ್ನಡಿಗನೆಂದು ಕರೆದ ವಿಠ್ಠಲನನ್ನು ಕಾಣಲು ಲಕ್ಷಾಂತರ ಮಂದಿ ನಡೆಯುತ್ತಾರೆ. ವಾರಕರಿ ಕಾಲ್ನಡಿಗೆಯಲ್ಲಿ ಬರುತ್ತಾನೆ. ನೆಲದ ಮೇಲೆ ಮಲಗುತ್ತಾನೆ. ಕೊಟ್ಟದ್ದು ತಿನ್ನುತ್ತಾನೆ. ಮಾಂಸ ಮುಟ್ಟುವುದಿಲ್ಲ. ಇವನಿಗಿಂತ ಹಗುರಾಗಿ ಭೂಮಿಯ ಮೇಲೆ ಕಾಲಿಡುವವರು ಸಿಗುವುದು ಕಷ್ಟ. ಅವನಿಗೆ ದಾರಿಯುದ್ದಕ್ಕೂ ದಾನಿಗಳು ತಮ್ಮ ಫೋಟೋ ಅಂಟಿಸಿದ ನೀರಿನ ಬಾಟಲಿ, ಪ್ಲಾಸ್ಟಿಕ್ ರೈನ್‌ಕೋಟು, ಥರ್ಮಾಕೋಲಿನ ತಟ್ಟೆ ಕೊಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ವಾರಕರಿಗಳಿಂದ ಕಸ ಎಂಬ ಸುದ್ದಿ. ಅದರ ಮರುದಿನ ವಾರಕರಿಗಳಿಗೆ ಸ್ವಚ್ಛತೆಯ ಪಾಠ. ಪಾಠ ಹೇಳಲು ಬಂದವರು ಕಾರಿನಿಂದ ಇಳಿಯುತ್ತಾರೆ. ಎಂಜಿನ್ ಆರಿಸಿರುವುದಿಲ್ಲ, ಒಳಗೆ ಎಸಿ ಓಡುತ್ತಿರುತ್ತದೆ.

ಕಡಿಮೆ ಬಳಸುವುದನ್ನು ಕಬ್ಬು ಕಡಿಯುವವರಿಗೆ ಯಾರಾದರೂ ಕಲಿಸಬೇಕೇ? ಬೀಡ ಜಿಲ್ಲೆಯಿಂದ, ನಮ್ಮ ವಿಜಯಪುರದ ತಾಂಡಾಗಳಿಂದ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಹೊರಡುತ್ತಾರೆ. ಗಂಡ-ಹೆಂಡತಿ ಸೇರಿ ಒಂದು ಕೋಯ್ತಾ. ಕೂಲಿಗಳನ್ನು ಕರೆತರುವ ಮುಕಾದಮನ ಲೆಕ್ಕದಲ್ಲಿ ಇಬ್ಬರು ಮನುಷ್ಯರು ಸೇರಿ ಒಂದು ಕತ್ತಿ. ವಾಸ ಹೊಲದಂಚಿನ ಗುಡಿಸಲಲ್ಲಿ. ಎಸಿ ಇಲ್ಲ, ಫ್ರಿಜ್ ಇಲ್ಲ, ನಲ್ಲಿಯೇ ಇಲ್ಲ. ಎರಡು ಕೊಡ ನೀರಿನಲ್ಲಿ ಐದು ಜನರ ದಿನ ಮುಗಿಯುತ್ತದೆ. 75ರ ಪಟ್ಟಿಯನ್ನು ಓದದೆಯೇ ಪಾಲಿಸಿದವರು. ಇವರು ಹೊದೆಯುವ ಕೌದಿಯನ್ನೇ ಬೆಂಗಳೂರಿನ ಅಂಗಡಿಯಲ್ಲಿ ‘ಮರುಬಳಕೆಯ ಕಲೆ’ ಎಂದು ಚೀಟಿ ಅಂಟಿಸಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಗುಡಿಸಲಲ್ಲಿ ಇದ್ದಾಗ ಅದು ಬಡತನ. ಗಾಜಿನ ಹಿಂದೆ ಹೋದಾಗ ಜೀವನಶೈಲಿ.

ಪುಣೆಯ ಮದುವೆಗಳಲ್ಲಿ ಈಗ ಕಬ್ಬಿನ ಸಿಪ್ಪೆಯ ತಟ್ಟೆ. ಪರಿಸರಸ್ನೇಹಿ. ಮಣ್ಣಿನಲ್ಲಿ ಕರಗುತ್ತದೆ. ಆ ಕಬ್ಬು ಉಂಡ ನೀರು, ಅದನ್ನು ಕಡಿದ ಹೆಂಗಸಿನ ಕೂಲಿ, ಕಡಿದ ಮೇಲೆ ಹೊಲದಲ್ಲಿ ಸುಟ್ಟ ರವದಿಯ ಹೊಗೆ, ಇವು ತಟ್ಟೆಯಲ್ಲಿ ಕಾಣುವುದಿಲ್ಲ. ತಟ್ಟೆಯಲ್ಲಿ ಕಾಣುವುದು ಹದಿನಾರು ಬಗೆಯ ತಿನಿಸು. ಅದರಲ್ಲಿ ಒಂಬತ್ತು ತಿಪ್ಪೆಗೆ.

ತಪ್ಪನ್ನೆಲ್ಲ ಬಳಸುವವನ ತಲೆಗೆ ಕಟ್ಟುವ ಈ ವಿದ್ಯೆ ನಮ್ಮದೇ ಅಲ್ಲ, ಅದನ್ನೂ ಆಮದು ಮಾಡಿಕೊಂಡಿದ್ದೇವೆ. ಅಮೆರಿಕದಲ್ಲಿ 1953ರಲ್ಲಿ ‘ಅಮೆರಿಕವನ್ನು ಅಂದವಾಗಿಡಿ’ ಎಂಬ ಸಂಸ್ಥೆ ಹುಟ್ಟಿತು. ಹುಟ್ಟಿಸಿದವರಲ್ಲಿ ಡಬ್ಬಿ, ಬಾಟಲಿ, ತಂಪು ಪಾನೀಯದ ಕಂಪನಿಗಳೇ ಇದ್ದವು. 1971ರಲ್ಲಿ ಅವರದೊಂದು ಜಾಹೀರಾತು ಬಂತು. ರಸ್ತೆಯ ಕಸ ನೋಡಿ ಮೂಲನಿವಾಸಿ ಇಂಡಿಯನ್ ಒಬ್ಬ ಕಣ್ಣೀರು ಹಾಕುತ್ತಾನೆ. ಆ ನಟ ಇಟಲಿ ಮೂಲದವನೆಂದು ಆಮೇಲೆ ಗೊತ್ತಾಯಿತು. ಬಾಟಲಿ ಮಾಡುವವನು ಸಜ್ಜನ, ಬಿಸಾಡುವವನು ದುರ್ಜನ ಎಂಬ ತತ್ವ ಮಾತ್ರ ಗಟ್ಟಿಯಾಗಿ ನಿಂತಿತು. 2004ರ ಸುಮಾರಿಗೆ ಬ್ರಿಟಿಷ್ ಪೆಟ್ರೋಲಿಯಂ ಕಂಪನಿ ಜನರಿಗೆ ತಂತಮ್ಮ ಕಾರ್ಬನ್ ಹೆಜ್ಜೆಗುರುತು ಅಳೆದುಕೊಳ್ಳುವ ಲೆಕ್ಕಯಂತ್ರ ಕೊಟ್ಟಿತು. ಎಣ್ಣೆ ಮಾರುವವನು ಕೊಳ್ಳುವವನನ್ನು ನೀನೆಷ್ಟು ಹೊಲಸು ಮಾಡಿದೆ ಎಂದು ಕೇಳುವ ಧೈರ್ಯ ನೋಡಿ. 2010ರಲ್ಲಿ ಅದೇ ಕಂಪನಿಯ ಬಾವಿ ಒಡೆದು ಮೆಕ್ಸಿಕೋ ಕೊಲ್ಲಿಗೆ 87 ದಿನ ಎಣ್ಣೆ ಸುರಿಯಿತು. ಆ ಹೆಜ್ಜೆಯನ್ನು ಅಳೆಯಲು ಯಂತ್ರ ಸಾಲಲಿಲ್ಲ.

ಇಷ್ಟು ಓದಿ ಕೆಲವರಿಗೆ ಖುಷಿಯಾಗಿರುತ್ತದೆ. ಎಲ್ಲ ದೊಡ್ಡವರ ತಪ್ಪು, ನಾವು ಆರಾಮಾಗಿ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಬಹುದು ಎಂದು. ಇವರು ಇನ್ನೂ ಕಿಲಾಡಿಗಳು. ವ್ಯವಸ್ಥೆ ಸರಿಯಿಲ್ಲ ಎಂಬ ಒಂದೇ ವಾಕ್ಯದಲ್ಲಿ ಇಡೀ ಜನ್ಮ ಕಳೆಯುವವರು. ವ್ಯವಸ್ಥೆ ಸರಿಯಾಗುವವರೆಗೆ ಕಸ ಬೇರ್ಪಡಿಸುವುದಿಲ್ಲ, ಬಸ್ಸು ಹತ್ತುವುದಿಲ್ಲ, ಮಗನ ಮದುವೆಗೆ ಸಾವಿರ ಜನರಿಗಿಂತ ಕಡಿಮೆ ಕರೆಯುವುದಿಲ್ಲ.

ವೈಯಕ್ತಿಕ ಆಯ್ಕೆ ಬೇಡ ಅಂತ ನಾನೆಲ್ಲಿ ಹೇಳಿದೆ? ಬೇಕು. ಎಲ್ಲರಿಂದಲೂ ಬೇಕು. ಸಕ್ಕರೆ ಕಾರ್ಖಾನೆಯ ಅಧ್ಯಕ್ಷರೂ ವ್ಯಕ್ತಿಯೇ ತಾನೇ? ಬರದ ತಾಲೂಕಿನಲ್ಲಿ ಅರೆಯುವ ಸಾಮರ್ಥ್ಯ ಇನ್ನಷ್ಟು ಹೆಚ್ಚಿಸುತ್ತೇನೆ ಎಂಬುದು ಅವರ ಆಯ್ಕೆ. ಕಡತವನ್ನು ಮೇಜಿನ ಮೇಲೆ ಮಲಗಿಸಿದ ಪಾಲಿಕೆಯ ಎಂಜಿನಿಯರ್ ವ್ಯಕ್ತಿಯೇ. ಕಾಲುವೆಯ ತೂಬು ಯಾರ ಹೊಲಕ್ಕೆ ತೆರೆಯಬೇಕೆಂದು ಫೋನು ಮಾಡುವವರೂ ವ್ಯಕ್ತಿಯೇ. ಅಜ್ಜಿ ಚೀಲ ಹಿಡಿದರೆ ಅದು ಆಯ್ಕೆ. ಇವರು ನದಿ ಹಿಡಿದರೆ ಅದಕ್ಕೆ ‘ನೀತಿ’ ಎಂಬ ಗೌರವದ ಹೆಸರು. ಚಿಕ್ಕ ಆಯ್ಕೆಗಳಿಗೆ ಪಟ್ಟಿ ಇದೆ, ದಂಡ ಇದೆ, ಜಾಹೀರಾತು ಇದೆ. ದೊಡ್ಡವಕ್ಕೆ ಶಿಲಾನ್ಯಾಸ ಇದೆ.

ಗಡಿಯ ಈಚೆ ಕೂತು ಮಹಾರಾಷ್ಟ್ರವನ್ನು ಬೈದದ್ದು ಸಾಕು ಎನ್ನುವ ಹೊತ್ತು ಬಂತು. ಭೀಮೆ ನಮ್ಮ ಕಡೆಗೂ ಬರುತ್ತಾಳೆ. ಇಂಡಿ, ಅಫಜಲಪುರ, ಜೇವರ್ಗಿ ದಾಟಿ ಕೃಷ್ಣೆಗೆ ಸೇರುತ್ತಾಳೆ. ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ನಮ್ಮ ಪಾಲು 15 ಟಿಎಂಸಿ ಎಂದಿತು. 2020ರ ಅಕ್ಟೋಬರಿನಲ್ಲಿ ಕೇಳದೆಯೇ ಬಂದು ಕಲಬುರಗಿಯ ಊರುಗಳನ್ನು ಮುಳುಗಿಸಿದಳು. ಬೇಸಿಗೆಯಲ್ಲಿ ಕೇಳಿದರೂ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಅಫಜಲಪುರದಲ್ಲಿ ಉಜನಿಯ ನೀರಿಗಾಗಿ ಉಪವಾಸ ಕೂತರು. ನಮ್ಮ ಮುಖ್ಯಮಂತ್ರಿಗಳು ಅವರ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪತ್ರ ಬರೆಯಲು ನೀರು ಬೇಕಾಗುವುದಿಲ್ಲ, ಶಾಯಿ ಸಾಕು.

ಆದರೆ ನಾವು ಆ ನೀರಿನಲ್ಲಿ ಏನು ಬೆಳೆಯಲು ಹೊರಟಿದ್ದೆವು? ಅಫಜಲಪುರಕ್ಕೆ ಹೋಗಿ ನೋಡಿ. ಇಂಡಿಗೆ ಹೋಗಿ ನೋಡಿ. ಅದೇ ಆಳೆತ್ತರದ ಉತ್ತರ ಅಲ್ಲಿಯೂ ಗಾಳಿಗೆ ತೂಗುತ್ತಿದೆ. ಕಾರ್ಖಾನೆಯ ಚಿಮಣಿ ನಮ್ಮಲ್ಲೂ ಇದೆ. ನದಿ ಒಣಗಿದಾಗ ನಮಗೆ ಇನ್ನೊಂದು ಸುಗ್ಗಿ, ಮರಳಿನದು. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ತಡೆಯಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅದರ ಚಕ್ರಕ್ಕೇ ಬಲಿಯಾದರು. ನೀರು ಬಿಡದವರನ್ನು ಬೈಯುವ ನಾವು ನೀರು ನಿಲ್ಲುವ ನೆಲವನ್ನೇ ಲಾರಿಗೆ ತುಂಬುತ್ತೇವೆ. ರಾತ್ರಿ ಹೊತ್ತು.

ಬೆಂಗಳೂರಿನ ಕಥೆ ಕೇಳಲೇಬೇಡಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಎಂದರು. ಸರಿಯೇ. ಕೆರೆಗಳ ಮೇಲೆ ಬಡಾವಣೆ ಕಟ್ಟಿದವರಿಗೆ ಎಷ್ಟು ದಂಡ ಎಂದು ನಾನು ಹುಡುಕಿದೆ. ಬಡಾವಣೆಗೆ ಅವರದೇ ಹೆಸರಿಟ್ಟಿದ್ದರು.

ಅದೇ 2024ರ ಬೇಸಿಗೆಯಲ್ಲಿ ಉಜನಿಯ ಬಳಕೆಯ ನೀರು ಮುಗಿದು, ಲೆಕ್ಕ ಸೊನ್ನೆಯ ಕೆಳಗೆ ಶೇಕಡಾ 60ರ ಹತ್ತಿರ ಇಳಿಯಿತು. ತಳದ ಸತ್ತ ನೀರನ್ನೂ ಎತ್ತಿ ಬಳಸಿದರು. ಇಂದಾಪುರ ತಾಲೂಕಿನ ಪಳಸದೇವದಲ್ಲಿ ಹಿನ್ನೀರಿನಡಿ ಮುಳುಗಿದ ಹಳೆಯ ಶಿವಾಲಯ ಮೇಲೆದ್ದು ನಿಂತಿತು. ಬರ ನೋಡಲು ಜನ ಜಾತ್ರೆಯಂತೆ ಬಂದರು. ರೀಲ್ಸ್ ಮಾಡಿದರು. ಒಣಗಿದ ತಳದಲ್ಲಿ ನಿಂತು ‘ನೀರು ಉಳಿಸಿ’ ಎಂದು ಕೆಳಗೆ ಬರೆದರು. ತಿಂದ ಪೊಟ್ಟಣಗಳನ್ನು ದೇವರ ಮುಂದೆಯೇ ಬಿಟ್ಟು ಹೋದರು.

ಆಗಸ್ಟ್‌ನಲ್ಲಿ ಮಳೆ ಸುರಿದು ಉಜನಿ ತುಂಬಿತು. ನೀರಿಗೆ ಪೂಜೆಯಾಯಿತು, ನಾಯಕರು ತೆಂಗಿನಕಾಯಿ ಬಿಟ್ಟರು. ಉಪವಾಸ ಕೂತವರು, ಪತ್ರ ಬರೆದವರು, ನಕ್ಕವರು, ನಗಿಸಿದವರು ಎಲ್ಲರಿಗೂ ಸಮಾಧಾನವಾಯಿತು. ಮರುವಾರದಿಂದಲೇ ಬೀಜದ ಕಬ್ಬಿಗೆ ಸರದಿ ಹಚ್ಚಿದರು. ಗಡಿಯ ಆಚೆಯೂ, ಈಚೆಯೂ.